ವಿನೆಗರ್ ಜಾಡಿಯ ವಂಶಪರೀಕ್ಷೆ

ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮರದ ಚಮಚದ ಹಿಂಬದಿಯಿಂದ ಪೊರೆಯ ಒಂದಂಚನ್ನು ಮೆಲ್ಲಗೆ ಮೇಲೆತ್ತುವಾಗ ಅವಳು ಉಸಿರು ಬಿಗಿಹಿಡಿದಿದ್ದಳು. ಮೊಣಕೈವರೆಗೆ ಸೋಪು ಹಾಕಿ ತೊಳೆದ ಕೈ, ಮೂಗುಬಾಯಿ ಮುಚ್ಚುವಂತೆ ಕಟ್ಟಿದ ಕರವಸ್ತ್ರ, ಬಿಗಿಯಾಗಿ ಸುತ್ತಿದ ಕೂದಲು. ಲ್ಯಾಬಿನವರು ಕಳಿಸಿದ್ದ ಸೂಚನೆಯ ಹಾಳೆ ಎದುರಿನ ಕಿಟಕಿಗೆ ಒರಗಿತ್ತು: ಸ್ಯಾಂಪಲ್ ಮೇಲೆ ಉಸಿರು ಬಿಡಬೇಡಿ, ಕೆಮ್ಮಬೇಡಿ, ಮಾತಾಡಬೇಡಿ.

ಮಾತಾಡಬೇಡಿ ಎಂಬ ಲಿಖಿತ ಆದೇಶ ಆ ಮನೆಗೆ ಬಂದದ್ದು ಅದೇ ಮೊದಲು. ಅದು ಯಾರಿಗೆ ಬರಬೇಕಿತ್ತೋ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮಾತಾಡುತ್ತಲೇ ಇದ್ದರು.

"ಇವಳೇ, ಇದೇನೇ ಇದು, ಕಣ್ಣಿನ ಆಪರೇಷನ್ ಮಾಡೋ ಹಾಗೆ ನಿಂತಿದ್ದೀಯ? ಒಂದು ಚೂರು ಕಿತ್ತು ಡಬ್ಬಿಗೆ ಹಾಕೋಕೆ ಇಷ್ಟು ಹೊತ್ತಾ? ಕೊಡು ಇಲ್ಲಿ, ನಾನು ಹಾಕ್ತೀನಿ."

ಅವಳು ಮೊಣಕೈಯಿಂದ ಅವರನ್ನು ಹಿಂದಕ್ಕೆ ತಳ್ಳಿದಳು.

ಅವರು ಅವಳ ಗಂಡ. ಬಸ್ ಡಿಪೋದಲ್ಲಿ ಬಸ್ಸುಗಳು ಹೊರಡುವ, ಬರುವ ಹೊತ್ತನ್ನು ಬರೆದಿಡುವ ಕೆಲಸ. ಬೀದಿಯಲ್ಲಿ ಎಲ್ಲರೂ ಟೈಂಕೀಪರ್ ಎನ್ನುತ್ತಿದ್ದರು. ಅವರು ಬರೆದಿಟ್ಟ ಹೊತ್ತಿಗೆ ಬಸ್ಸು ಹೊರಟದ್ದನ್ನಾಗಲಿ, ಹೇಳಿದ ಹೊತ್ತಿಗೆ ಅವರು ಮನೆಗೆ ಬಂದದ್ದನ್ನಾಗಲಿ ಯಾರೂ ಕಂಡಿರಲಿಲ್ಲ. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸಿಟ್ಟು ಮಾಡುವುದಾದರೂ ಸುಲಭವಾಗುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಪೊರೆ ಎಂದರೆ ವಿನೆಗರಿನ ಮೇಲೆ ಕಟ್ಟುವ ದಪ್ಪ ಪದರ. ನೋಡಲು ಬೆಂದ ಮೊಟ್ಟೆಯ ಬಿಳಿಭಾಗದ ಹಾಗೆ, ಮುಟ್ಟಿದರೆ ಹಸಿ ಚರ್ಮದ ಹಾಗೆ. ಸೇಬಿನ ರಸ ಹುಳಿಯಾಗಿ ವಿನೆಗರ್ ಆಗುವುದು ಅದರಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾದಿಂದ. ಊರಾಚೆಯ ಸಾಸ್ ಕಾರ್ಖಾನೆಯ ತೊಟ್ಟಿಗಳಲ್ಲಿ ಈ ಪೊರೆ ನಿಲ್ಲುತ್ತಲೇ ಇರಲಿಲ್ಲ. ಲೋಳೆಯಾಗಿ ತಳ ಸೇರಿಬಿಡುತ್ತಿತ್ತು. ಅಲ್ಲಿನ ಖರೀದಿ ಮ್ಯಾನೇಜರ್ ಯಾರದೋ ಮನೆಯ ಊಟದಲ್ಲಿ ಇವಳ ವಿನೆಗರ್ ರುಚಿ ನೋಡಿ, ವಿಳಾಸ ಹುಡುಕಿಕೊಂಡು ಬಂದು, ಜಾಡಿಯೊಳಗೆ ಇಣುಕಿ ನೋಡಿ, "ನಿಮ್ಮ ಪೊರೆಯನ್ನ ನಮಗೆ ತಿಂಗಳು ತಿಂಗಳೂ ಕೊಡ್ತೀರಾ? ಆದರೆ ಇದರಲ್ಲಿರೋ ಬ್ಯಾಕ್ಟೀರಿಯಾ ಯಾವುದು ಅಂತ ಡಿಎನ್ಎ ಓದಿಸಿ ರಿಪೋರ್ಟ್ ತರಿಸಬೇಕು. ಮಾಲೀಕರು ಯಾರು?" ಎಂದು ಕೇಳಿದ್ದ.

"ನಾನು," ಎಂದಿದ್ದಳು ಅವಳು.

ಆ ಮಾತು ಬಾಯಿಂದ ಬಂದ ಮೇಲೆ ಅವಳಿಗೇ ಗಾಬರಿಯಾಗಿತ್ತು. ಮನೆ ಗಂಡನ ಹೆಸರಲ್ಲಿತ್ತು, ಗ್ಯಾಸು ಗಂಡನ ಹೆಸರಲ್ಲಿತ್ತು, ಮಗಳು ಕಟ್ಟಿಕೊಂಡ ಮನೆಯ ಬಾಗಿಲ ಮೇಲೂ ಅಳಿಯನ ಹೆಸರೇ ಇತ್ತು. ಈ ಹುಳಿನೀರು ಒಂದು ಅವಳದಾಗುವ ಹಾಗೆ ಕಾಣುತ್ತಿತ್ತು.

ಪೊರೆಯ ಚೂರು ಟ್ಯೂಬಿಗೆ ಬಿತ್ತು. ಮುಚ್ಚಳ ತಿರುಗಿಸಿ, ಅಂಟುಪಟ್ಟಿ ಹಚ್ಚಿ, ಫಾರಂನಲ್ಲಿ ಮಾಲೀಕರ ಜಾಗದಲ್ಲಿ ತನ್ನ ಹೆಸರು ಬರೆದು, ಡಬ್ಬಿಯಲ್ಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ತಾನೇ ಕೊರಿಯರ್ ಆಫೀಸಿಗೆ ಹೋಗಬೇಕು ಎಂದುಕೊಂಡಿದ್ದಳು. ಅಷ್ಟರಲ್ಲಿ ಒಲೆಯ ಮೇಲಿನ ಸೇಬಿನ ರಸ ಉಕ್ಕಿತು.

"ಅದನ್ನು ನೋಡ್ಕೋ, ನನ್ನ ದಾರೀಲೇ ಇದೆ ಕೊರಿಯರ್," ಎಂದು ಟೈಂಕೀಪರ್ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ನೇರ ಅಲ್ಲಿಗೇ ಹೋಗ್ಬೇಕು. ತೆಗೀಬಾರದು. ಅಲ್ಲಾಡಿಸಬಾರದು."

"ನಾನೇನು ಮಗುವೇನೇ?"

ಈ ಪ್ರಶ್ನೆಗೆ ಅವಳು ಸಕಾಲದಲ್ಲಿ ಉತ್ತರ ಕೊಟ್ಟಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಅಂದು ಅವರು ಮನೆಗೆ ಬಂದದ್ದು ಸಂಜೆ. ಮುಖದಲ್ಲಿ ಒಂದು ಬಗೆಯ ತೇಜಸ್ಸು. ಕೊರಿಯರ್ ಮಾಡಿದಿರಾ ಎಂದರೆ "ಅದೆಲ್ಲ ವ್ಯವಸ್ಥಿತವಾಗಿ ಆಗಿದೆ" ಎಂದರು. ಟೈಂಕೀಪರ್ ಬಾಯಿಂದ ವ್ಯವಸ್ಥಿತ ಎಂಬ ಪದ ಬಂದಾಗಲೆಲ್ಲ ಅವಳ ಎಡಗಣ್ಣು ಅದುರುತ್ತಿತ್ತು. ಅದುರಿತು. ಆದರೆ ರಾತ್ರಿಯ ಅಡುಗೆ ಬಾಕಿ ಇತ್ತು. ಕಣ್ಣು ಅದುರಿದ್ದಕ್ಕೆಲ್ಲ ಗಮನ ಕೊಡುತ್ತ ಕೂತರೆ ಆ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳಿಗೆ ಬೀದಿಯಲ್ಲಿ ವಿಚಿತ್ರ ಮರ್ಯಾದೆ ಸಿಗತೊಡಗಿತು. ಎದುರುಮನೆಯಾಕೆ ಬಟ್ಟೆ ಒಣಹಾಕುತ್ತ, "ಏನ್ರೀ, ನಿಮ್ಮ ಯಜಮಾನರ ತಾತನ ಜಾಡಿಗೆ ಡಿಎನ್ಎ ಟೆಸ್ಟಂತೆ? ಕೋರ್ಟಿಗೆ ಹೋಗುತ್ತಂತಾ?" ಎಂದು ಕೇಳಿದಳು.

"ತಾತನ ಜಾಡಿಗಲ್ಲ. ಬ್ಯಾಕ್ಟೀರಿಯಾಗೆ."

"ಅದೇ. ತಾತನ ಬ್ಯಾಕ್ಟೀರಿಯಾ."

ಜಾಡಿ ಟೈಂಕೀಪರ್ ತಾತನ ಕಾಲದ್ದು ನಿಜ. ವಿಷಯ ಇಷ್ಟು: ಟೈಂಕೀಪರ್‌ಗೆ ಡಿಎನ್ಎ ಪರೀಕ್ಷೆಯ ಪರಿಚಯವಾಗಿದ್ದು ಟೀವಿಯ ಧಾರಾವಾಹಿಗಳಿಂದ. ಅಲ್ಲಿ ಕೊನೆಯ ಕಂತಿನಲ್ಲಿ ಲಕೋಟೆಯೊಂದು ಬರುತ್ತದೆ, ಯಾರು ಯಾರ ಮಗ ಎಂದು ಗೊತ್ತಾಗುತ್ತದೆ, ಆಸ್ತಿ ಸರಿಯಾದವರಿಗೆ ಸೇರುತ್ತದೆ, ತಪ್ಪಾದವರು ಮೆಟ್ಟಿಲ ಮೇಲೆ ಕುಸಿಯುತ್ತಾರೆ. ಹಾಗಾಗಿ ಜಾಡಿಗೆ ಡಿಎನ್ಎ ಪರೀಕ್ಷೆ ಎಂದ ಕೂಡಲೇ, ಆ ವಿನೆಗರ್ ತಮ್ಮ ತಾತನ ಸಂತತಿ ಎಂದು ಸರ್ಕಾರವೇ ಸಾಬೀತು ಮಾಡಲು ಹೊರಟಿದೆ ಎಂದು ಅವರು ತಿಳಿದರು. ತಿಳಿದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಫಲಿತಾಂಶ ಬರುವ ದಿನ ಅವರು ರಜೆ ಹಾಕಿದರು. ಹಾಲ್‌ನಲ್ಲಿ ಕುರ್ಚಿ ಜೋಡಿಸಿದರು. ಅವಳ ಭಾವನನ್ನು, ಅಂದರೆ ತಮ್ಮ ಅಣ್ಣನನ್ನು, ಕರೆಸಿದರು; ಅವರು ಇನ್ಶೂರೆನ್ಸ್ ಏಜೆಂಟ್, ಯಾರ ಮನೆಗೆ ಹೋದರೂ ಆ ಮನೆಯವರ ಆಯಸ್ಸು ಲೆಕ್ಕ ಹಾಕುವ ಕಣ್ಣಿನವರು. ಸೋದರತ್ತೆಯನ್ನು ಆಟೋದಲ್ಲಿ ಕರೆತಂದರು; ಆ ತಾತನ ಒಬ್ಬಳೇ ಮಗಳು ಆಕೆ, ಎಪ್ಪತ್ತು ದಾಟಿದರೂ ಅಪ್ಪನ ಮನೆಯ ಒಂದೊಂದು ಚಮಚವೂ ಎಲ್ಲಿದೆ ಎಂದು ಬಾಯಿಪಾಠ ಹೇಳುವವರು.

"ಲೋ, ರಿಪೋರ್ಟ್‌ನಲ್ಲಿ ಹಿರಿಯ ಮೊಮ್ಮಗ ಅಂತ ನನ್ನ ಹೆಸರು ಮೊದಲು ಬರಬೇಕು," ಎಂದರು ಭಾವ.

"ಜಾಡಿ ನನ್ನ ಮನೇಲಿದೆ ಅಣ್ಣಾ."

"ನಾನು ಬದುಕಿರೋವಾಗ ನಿಮ್ಮಿಬ್ಬರದು ಏನೋ ಮೊದಲು?" ಎಂದರು ಸೋದರತ್ತೆ. "ಲೇ ಹುಡುಗಿ, ಕುಡಿಯೋಕೆ ನೀರು ತಾ."

ಐವತ್ತು ದಾಟಿದ ಹುಡುಗಿ ನೀರು ತಂದಳು. ಅವಳಿಗೆ ಅರ್ಥವಾಗದೆ ಇದ್ದದ್ದು ಒಂದೇ: ಫೋನು ತನಗೆ ಬರಬೇಕಿತ್ತು. ತನ್ನ ನಂಬರನ್ನೇ ಬರೆದಿದ್ದಳು. ಬಂದದ್ದು ಟೈಂಕೀಪರ್ ಫೋನಿಗೆ. ಅವರು ಅಂಗಿಯ ಕಾಲರ್ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ, ಫೋನನ್ನು ಟೀಪಾಯಿಯ ಮೇಲೆ ದೇವರನ್ನು ಕೂರಿಸುವ ಹಾಗೆ ಕೂರಿಸಿದರು.

"ವಿನೆಗರ್ ಸ್ಯಾಂಪಲ್ ಕಳಿಸಿದವರಾ?" ಲ್ಯಾಬಿನ ಮೇಡಂ ಧ್ವನಿ, ನಿದ್ದೆಗೆಟ್ಟವರದು.

"ಹೌದು ಮೇಡಂ. ಕುಟುಂಬದವರೆಲ್ಲ ಇಲ್ಲೇ ಇದ್ದೀವಿ. ಹೇಳಿ."

"ಎಲ್ಲರೂ ಇದ್ದೀರಾ?" ಆ ಕಡೆ ಒಂದು ನಿಟ್ಟುಸಿರು. "ಸ್ಯಾಂಪಲ್‌ನಲ್ಲೂ ಎಲ್ಲರೂ ಇದ್ದೀರಿ ಸರ್."

"ನೋಡಿದ್ಯಾ!" ಟೈಂಕೀಪರ್ ತೊಡೆ ತಟ್ಟಿದರು. "ಹೊಂದಿಕೆಯಾಯ್ತು!"

"ಏನು ಹೊಂದಿಕೆಯಾಯ್ತು? ಸರ್, ನಾವು ಓದಿದ್ದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಬಾಯಲ್ಲಿರೋ ಬ್ಯಾಕ್ಟೀರಿಯಾ. ಎಂಜಲಲ್ಲಿರೋದು. ಅದರಲ್ಲೊಂದು ಹುಳುಕು ಹಲ್ಲಿನದು, ಜೋರಾಗಿದೆ. ಅದರ ಜೊತೆಗೆ ಮನುಷ್ಯರ ಡಿಎನ್ಎ. ಕೇಳಬಾರದು, ಆದರೂ ಕೇಳ್ತೀನಿ. ಅದಕ್ಕೆ ಯಾರಾದರೂ ಉಗುಳಿದ್ರಾ?"

ಭಾವನ ಕೈ ತನ್ನಷ್ಟಕ್ಕೆ ಬಲಗೆನ್ನೆಗೆ ಹೋಯಿತು.

"ಉಗುಳಿದ್ದು ಅಂತ ಹಾಗೆಲ್ಲ ಹೇಳಬಾರದು ಮೇಡಂ," ಎಂದರು ಟೈಂಕೀಪರ್. "ಕೊಟ್ಟಿದ್ದು. ಹೋಲಿಸಿ ನೋಡಬೇಕಲ್ವಾ ನೀವು? ತಾತನ ಕಡೆಯವರು ಯಾರೂ ಇಲ್ಲದೆ ಬರೀ ವಿನೆಗರ್ ಕಳಿಸಿದ್ರೆ ಯಾವುದಕ್ಕೆ ಹೋಲಿಸ್ತೀರಿ? ನಿಮಗೆ ಅನುಕೂಲ ಆಗ್ಲಿ ಅಂತ ಮೊದಲು ನಾನು ಕೊಟ್ಟೆ."

"ಟ್ಯೂಬ್ ಒಳಗೆ?"

"ಹೊರಗೆ ಕೊಟ್ಟರೆ ಸೋರಿ ಹೋಗುತ್ತಲ್ಲ ಮೇಡಂ."

ಅವಳು ನೀರಿನ ಲೋಟಗಳ ತಟ್ಟೆಯನ್ನು ಕೆಳಗಿಟ್ಟಳು. ಮೆಲ್ಲಗೇ ಇಟ್ಟಳು. ಆದರೂ ಒಂದು ಲೋಟ ಉರುಳಿತು.

"ಮೊದಲು ಅಂದ್ರೆ? ಆಮೇಲೆ ಯಾರು?" ಎಂದರು ಮೇಡಂ.

"ಅಣ್ಣನ ಮನೆಗೆ ಹೋಗಿ ಹೇಳಿದೆ. ಒಬ್ಬನದೇ ಇದ್ರೆ ಪಕ್ಷಪಾತ ಆಗುತ್ತೆ ಅಂದ."

"ಸಮಪಾಲು ಅಂದೆ," ಎಂದು ಭಾವ ತಿದ್ದಿದರು. "ಕಾನೂನು ಅಂತ ಒಂದಿದೆ. ಆಮೇಲೆ ಅತ್ತೆ ಇಲ್ಲದೆ ಸರಿ ಹೋಗಲ್ಲ ಅಂತ ಅವರ ಮನೆಗೆ ಹೋದ್ವಿ."

"ನಾನು ಮಗಳು," ಎಂದರು ಸೋದರತ್ತೆ. "ಇವರು ಮೊಮ್ಮಕ್ಕಳು, ಅರ್ಧ ಬೇರೆಯವರ ರಕ್ತ. ನನ್ನದು ಹಾಕದಿದ್ರೆ ಟೆಸ್ಟ್ ಹೇಗೆ ನಿಲ್ಲುತ್ತೆ? ಆದ್ರೆ ಹುಳುಕು ಹಲ್ಲು ನಂದಲ್ಲಮ್ಮ, ಮೊದಲೇ ಹೇಳಿಬಿಡ್ತೀನಿ. ನನ್ನವೆಲ್ಲ ಕಟ್ಟಿಸಿದ ಹಲ್ಲು. ಅವತ್ತು ತೆಗೆದಿಟ್ಟೇ ಕೊಟ್ಟೆ."

"ನನಗೂ ಏನೂ ಇಲ್ಲ," ಎಂದರು ಭಾವ, ಕೆನ್ನೆಯಿಂದ ಕೈ ತೆಗೆಯದೆ.

ಫೋನಿನಲ್ಲಿ ಲ್ಯಾಬಿನ ಮೇಡಂ ಕೆಮ್ಮಿದರು. ಅದು ಕೆಮ್ಮಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಜಗತ್ತಿನಲ್ಲಿ ಒಬ್ಬರಿಗಾದರೂ ಇದು ನಗುವ ವಿಷಯವಾಗಿದೆಯಲ್ಲ ಎಂದು ಅವಳ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

"ಸರ್, ಪ್ರತಿ ಜೀವದೊಳಗೂ ನಾಲ್ಕೇ ಅಕ್ಷರದ ಒಂದು ಉದ್ದ ಬರಹ ಇರುತ್ತೆ. ನಮ್ಮ ಯಂತ್ರ ಅದನ್ನ ಓದುತ್ತೆ, ಈಗಾಗಲೇ ಗೊತ್ತಿರೋ ಸಾವಿರಾರು ಬ್ಯಾಕ್ಟೀರಿಯಾಗಳ ಬರಹದ ಪಕ್ಕ ಇಟ್ಟು ನೋಡುತ್ತೆ. ಹೋಲಿಸೋದು ಬ್ಯಾಕ್ಟೀರಿಯಾದ ಜೊತೆ. ನಿಮ್ಮ ಜೊತೆ ಅಲ್ಲ. ವಿನೆಗರ್ ಬ್ಯಾಕ್ಟೀರಿಯಾಗೂ ನಿಮ್ಮ ತಾತನಿಗೂ ಸಂಬಂಧ ಇಲ್ಲ."

"ಸಂಬಂಧ ಇಲ್ಲದೆ ನಮ್ಮ ಮನೇಲಿ ಹೇಗೆ ಬಂತು?" ಸೋದರತ್ತೆ ಫೋನಿನ ಮೇಲೆ ಬಾಗಿದರು.

"ಹಣ್ಣಿನ ಸಿಪ್ಪೆಯ ಮೇಲೆ ಇರುತ್ತಮ್ಮಾ. ಇಲ್ಲಾಂದ್ರೆ ನೊಣದ ಕಾಲಿಗೆ ಅಂಟಿಕೊಂಡು ಬರುತ್ತೆ."

"ನೊಣ?" ಆಕೆ ಎದ್ದೇ ನಿಂತರು. "ನಮ್ಮಪ್ಪ ಬದುಕಿರೋವರೆಗೂ ಆ ಮನೆಗೆ ಒಂದು ನೊಣ ಬಂದಿರಲಿಲ್ಲ! ಯಾರಮ್ಮ ನೀನು? ಯಾವ ಮನೆಯವಳು?"

"ಕೊನೆಗೆ ಒಂದು ಮಾತು," ಎಂದರು ಲ್ಯಾಬಿನ ಮೇಡಂ ಆತುರದಿಂದ. "ನಿಮ್ಮ ನಿಜವಾದ ವಿನೆಗರ್ ಬ್ಯಾಕ್ಟೀರಿಯಾನೂ ಅದರಲ್ಲಿ ಇದೆ. ತುಂಬ ಕಡಿಮೆ. ಆದರೆ ಸಿಕ್ಕಿದಷ್ಟು ಓದಿದ್ರೆ ನಮಗೆ ಗೊತ್ತಿರೋ ಯಾವುದಕ್ಕೂ ಅದು ಪೂರ್ತಿ ಹೊಂದ್ತಾ ಇಲ್ಲ. ಸ್ವಚ್ಛವಾದ ಸ್ಯಾಂಪಲ್ ಬಂದ್ರೆ ಹೇಳಬಹುದು. ಫಾರಂನಲ್ಲಿ ಕೇಳಿದ್ದ ಹಾಗೆ ರಿಪೋರ್ಟ್‌ನ ಪ್ರತಿ ಸಾಸ್ ಕಾರ್ಖಾನೆಗೂ ಹೋಗಿದೆ."

ಫೋನು ಕಟ್ ಆಯಿತು.

ಅವಳು ಇಷ್ಟು ವರ್ಷ ಆ ಹಾಲ್‌ನಲ್ಲಿ ಕೇಳದಿದ್ದ ದನಿಯಲ್ಲಿ ಕೇಳಿದಳು: "ಫಾರಂನಲ್ಲಿ ನನ್ನ ನಂಬರ್ ಏನಾಯ್ತು?"

"ಅದು... ಮಾಲೀಕರು ಅಂತ ಇತ್ತಲ್ಲ," ಟೈಂಕೀಪರ್ ಗೋಡೆಯ ಗಡಿಯಾರ ನೋಡಿದರು. "ನೀನು ಗಡಿಬಿಡೀಲಿ ನಿನ್ನ ಹೆಸರು ಬರೆದುಬಿಟ್ಟಿದ್ದೆ. ನಾನು ಹೊಡೆದುಹಾಕಿ ಸರಿ ಮಾಡಿದೆ. ನಿನಗೆ ತೊಂದರೆ ಆಗಬಾರದು ಅಂತ."

"ಮೂರು ಜನ ದೊಡ್ಡವರು ಮನೆಮನೆ ಸುತ್ತಿ ನನ್ನ ಟ್ಯೂಬಿಗೆ ಉಗುಳಿ ಬಂದಿದ್ದೀರಿ. ನಾಚಿಕೆ ಆಗಲ್ವಾ ನಿಮಗೆ? ನಾನು ಉಸಿರು ಬಿಡದೆ ತೆಗೆದಿದ್ದೆ ಅದನ್ನ! ಉಸಿರೂ ಬಿಡದೆ!"

"ನಿನ್ನ ಟ್ಯೂಬೇ?" ಸೋದರತ್ತೆಯ ಹುಬ್ಬು ಮೇಲಕ್ಕೆ ಹೋಯಿತು. "ಜಾಡಿ ಯಾರದೇ ತಾಯಿ?"

"ಜಾಡಿ ನಿಮ್ಮಪ್ಪಂದೇ. ನಾನು ಈ ಮನೆಗೆ ಬಂದಾಗ ಅಟ್ಟದ ಮೇಲಿತ್ತು. ಒಳಗೆ ತುಕ್ಕು ಹಿಡಿದ ಮೊಳೆ, ಮುರಿದ ಕೊಡೆಯ ಕಡ್ಡಿ. ಒಂದು ತೊಟ್ಟು ವಿನೆಗರ್ ಇರಲಿಲ್ಲ. ಅದನ್ನ ತೊಳೆದವಳು ನಾನು, ಸೇಬು ಹಾಕಿದವಳು ನಾನು, ಕೆಟ್ಟುಹೋದಾಗೆಲ್ಲ ಚೆಲ್ಲಿ ಮತ್ತೆ ಶುರು ಮಾಡಿದವಳು ನಾನು."

ಮೂವರೂ ಸ್ವಲ್ಪ ಹೊತ್ತು ಯೋಚಿಸಿದರು. ಮೊದಲು ಹೊಳೆದದ್ದು ಸೋದರತ್ತೆಗೆ.

"ಮೊಳೆ ತುಕ್ಕು ಹಿಡಿದಿತ್ತು ಅಂದ್ಯಲ್ಲ? ಮೊಳೆ ತುಕ್ಕು ಹಿಡಿಯೋದು ಯಾವುದರಿಂದ? ಹುಳಿಯಿಂದ. ಅಂದ್ಮೇಲೆ ನಮ್ಮಪ್ಪನ ವಿನೆಗರ್ ಒಳಗೆ ಇದ್ದೇ ಇತ್ತು!"

"ಸರಿಯಾಗಿ ಹೇಳಿದ್ರಿ ಅತ್ತೆ!" ಎಂದರು ಟೈಂಕೀಪರ್.

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಾತ್ರೆ ತೊಳೆದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೂ ಎಳೆದು ಇನ್ನೊಂದು ಸಲ ತೊಳೆದಳು. ಹಾಲ್‌ನಲ್ಲಿ ಭಾವ ರಿಪೋರ್ಟನ್ನು ಫೋನಿನಲ್ಲಿ ತೆರೆದು ಓದುತ್ತಿದ್ದರು. "ಲೋ, ಇಲ್ಲಿ ನೋಡೋ, ಹೋಲಿಕೆ ನೂರಕ್ಕೆ ತೊಂಬತ್ತೊಂಬತ್ತು ಅಂತ ಬರೆದಿದ್ದಾರೆ!" ಆ ತೊಂಬತ್ತೊಂಬತ್ತು ಹಲ್ಲು ಹುಳುಕಿಸುವ ಬ್ಯಾಕ್ಟೀರಿಯಾದ ಸಾಲಿನಲ್ಲಿತ್ತು. ಅವರು ಸಾಲು ನೋಡಲಿಲ್ಲ, ಅಂಕಿ ನೋಡಿದರು.

ಮರುದಿನ ಬೆಳಿಗ್ಗೆ ಟೈಂಕೀಪರ್ ಕ್ಷೌರದಂಗಡಿಗೆ ಹೋದರು. ಮುಖಕ್ಕೆ ನೊರೆ ಹಚ್ಚಿಸಿಕೊಂಡು, ನಮ್ಮ ವಿನೆಗರಿನಲ್ಲಿ ನಮ್ಮ ಕುಟುಂಬದ ಡಿಎನ್ಎ ಸಿಕ್ಕಿದೆ, ನೂರಕ್ಕೆ ತೊಂಬತ್ತೊಂಬತ್ತು ಎಂದು ಕನ್ನಡಿಯ ಕಡೆ ನೋಡಿ ಹೇಳಿದರು. ಕನ್ನಡಿಯಲ್ಲಿ ಕಾಯುತ್ತ ಕೂತ ಐದಾರು ಜನ ಇದ್ದರು. ಆ ಸುದ್ದಿ ಹಾಲಿನ ಬೂತ್ ತಲುಪುವಾಗ ಕುಟುಂಬ ಹೋಗಿ ಮನುಷ್ಯ ಎಂದಾಗಿತ್ತು. ದಿನಸಿ ಅಂಗಡಿ ತಲುಪುವಾಗ ಡಿಎನ್ಎ ಬಿದ್ದುಹೋಗಿತ್ತು. ಎದುರುಮನೆಯಾಕೆಯ ಕಿವಿಗೆ ಬೀಳುವಾಗ ಉಳಿದದ್ದು ಇಷ್ಟು: ಆ ಮನೆಯ ವಿನೆಗರಿನಲ್ಲಿ ಮನುಷ್ಯನಿದ್ದಾನೆ.

ಮಧ್ಯಾಹ್ನದ ಹೊತ್ತಿಗೆ ಅವಳಿಂದ ಬೀದಿಯವರು ಕೊಂಡಿದ್ದ ವಿನೆಗರ್ ಬಾಟಲಿಗಳು ವಾಪಸು ಬರತೊಡಗಿದವು. ಅರ್ಧ ಖಾಲಿಯಾದವು, ಕಾಲು ಖಾಲಿಯಾದವು, ಮುಚ್ಚಳ ಕಳೆದು ಬಾಯಿಗೆ ಬಟ್ಟೆ ಕಟ್ಟಿದವು. ಗೇಟಿನ ಹೊರಗೆ ಇಟ್ಟು ಓಡಿದವರು ಕೆಲವರು. ಎದುರುಮನೆಯಾಕೆ ಮಾತ್ರ ಒಳಗೆ ಬಂದು ಅವಳ ಕೈಗೇ ಕೊಟ್ಟಳು.

"ನಾನು ಮಕ್ಕಳಿಗೆ ಹಾಕಿ ಕೊಟ್ಟಿದ್ದೀನಿ ಕಣ್ರೀ ಇದನ್ನ! ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ಯಾವ ಮನುಷ್ಯನ್ನ ಹಾಕಿದ್ದೀನಿ ಅಂದುಕೊಂಡಿದ್ದೀರಿ? ಈ ಬೀದೀಲಿ ಯಾರು ಕಾಣೆಯಾಗಿದ್ದಾರೆ, ಹೇಳಿ? ಹಾಕೋ ಹಾಗಿದ್ರೆ ಯಾರನ್ನ ಹಾಕಬೇಕು ಅಂತ ನನಗೆ ಗೊತ್ತು!"

ಎದುರುಮನೆಯಾಕೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಆಕೆ ಆ ಕೊನೆಯ ಮಾತನ್ನಷ್ಟೇ ಬೀದಿಗೆ ಕೊಂಡೊಯ್ದಳು.

ಬಾಟಲಿ ತಂದವರಲ್ಲಿ ಮೂಲೆಯ ಹೊಲಿಗೆ ಅಂಗಡಿಯಾಕೆಯೂ ಇದ್ದಳು. ಆಕೆಯ ಬಾಟಲಿ ಮಾತ್ರ ಪೂರ್ತಿ ಖಾಲಿ. "ತುಂಬಿಸಿ ಕೊಡಕ್ಕಾ," ಎಂದಳು, ಬಾಯಲ್ಲಿ ಕಚ್ಚಿದ ಗುಂಡುಸೂಜಿ ತೆಗೆಯದೆ. "ಯಾರಿದ್ರೆ ನನಗೇನು? ರುಚಿ ಬದಲಾಗಬಾರದು, ಅಷ್ಟೇ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಆ ಜಾಡಿ ಎತ್ತಿಕೊಂಡು ಎಲ್ಲಾದ್ರೂ ಹೋಗಿಬಿಡ್ತಿದ್ದೆ. ನನ್ನ ಅಂಗಡಿ ಹಿಂದಿನ ಕೋಣೆ ಬೀಗ ಹಾಕಿಕೊಂಡು ಬಿದ್ದಿದೆ, ಹಳೇ ಬಟ್ಟೆ ಥಾನು ಬಿಟ್ರೆ ಏನೂ ಇಲ್ಲ." ಅಂದವಳೇ ಬಾಟಲಿ ತುಂಬಿಸಿಕೊಂಡು ಹೊರಟಳು.

ಸಂಜೆಗೆ ಆಹಾರ ಇನ್ಸ್‌ಪೆಕ್ಟರ್ ಬಂದರು. ತೆಳ್ಳನೆಯ ಮನುಷ್ಯ, ಬಗಲಲ್ಲಿ ಚರ್ಮದ ಬ್ಯಾಗು, ಮುಖದಲ್ಲಿ ಇದುವರೆಗೆ ಇಲಿ, ಜಿರಲೆ, ಕಲ್ಲು ಬಿಟ್ಟು ಬೇರೇನನ್ನೂ ಕಂಡಿರದ ಗಾಬರಿ. ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಟೈಂಕೀಪರ್ ಅವರಿಗೆ ಕುರ್ಚಿ ಕೊಟ್ಟು ಎದುರು ಕೂತಾಗಿತ್ತು.

"ದೂರು ಬಂದಿದೆ. ಇಲ್ಲಿ ತಯಾರಾಗೋ ವಿನೆಗರಿನಲ್ಲಿ ಮನುಷ್ಯರ..." ಇನ್ಸ್‌ಪೆಕ್ಟರ್ ಪದ ಹುಡುಕಿದರು, "...ಅಂಶ ಇದೆ ಅಂತ."

"ಇದೆ ಸರ್," ಟೈಂಕೀಪರ್ ಎದೆಯುಬ್ಬಿಸಿದರು. "ರಿಪೋರ್ಟೇ ಇದೆ. ನಮ್ಮ ಕುಟುಂಬದವರು."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು. "ಎಷ್ಟು ಜನ?"

"ಮೂವರು. ತಾತನನ್ನೂ ಸೇರಿಸಿದ್ರೆ ನಾಲ್ಕು."

"ತಾತ ಎಲ್ಲಿದ್ದಾರೆ ಈಗ?"

"ಅವರು ಹೋಗಿ ಬಹಳ ವರ್ಷ ಆಯ್ತು ಸರ್. ಆದ್ರೆ ಅವರಿಲ್ಲದೆ ಆ ಜಾಡಿ ಇಲ್ಲ."

"ಉಳಿದ ಮೂವರು... ಬದುಕಿದ್ದಾರಾ?"

"ನಾನೇ ಒಬ್ಬ!" ಎಂದರು ಟೈಂಕೀಪರ್ ನಗುತ್ತ.

ಇನ್ಸ್‌ಪೆಕ್ಟರ್ ಅವರನ್ನು ಕಾಲಿನಿಂದ ತಲೆವರೆಗೆ ನೋಡಿದರು, ಯಾವ ಭಾಗ ಕಡಿಮೆಯಿದೆ ಎಂದು ಹುಡುಕುವವರ ಹಾಗೆ. ಅವಳು ನಡುವೆ ಬಂದು ನಿಂತಳು. ಟ್ಯೂಬು, ಎಂಜಲು, ಹುಳುಕು ಹಲ್ಲು, ಕಟ್ಟಿಸಿದ ಹಲ್ಲು, ಎಲ್ಲವನ್ನೂ ಹೇಳಿದಳು. ಹೇಳುವಾಗ ಸಿಟ್ಟಿಗೆ ದನಿ ನಡುಗುತ್ತಿತ್ತು. ಇನ್ಸ್‌ಪೆಕ್ಟರಿಗೆ ಅದು ತಪ್ಪಿತಸ್ಥರ ನಡುಕದ ಹಾಗೆ ಕಂಡಿತು.

"ಜಾಡಿ ಒಳಗೆ ಏನೂ ಇಲ್ಲ ಸರ್, ಟ್ಯೂಬಿಗೆ ಮಾತ್ರ. ಈಗಲೇ ಇನ್ನೊಂದು ಸ್ಯಾಂಪಲ್ ತಗೊಳ್ಳಿ. ನಿಮ್ಮ ಕಣ್ಣೆದುರೇ ತೆಗೆದುಕೊಡ್ತೀನಿ."

"ಅದಕ್ಕೆ ಮಾಲೀಕರ ಒಪ್ಪಿಗೆ ಬೇಕಮ್ಮಾ. ರಿಪೋರ್ಟ್‌ನಲ್ಲಿ ಮಾಲೀಕರು ಇವರು." ಅವರು ಟೈಂಕೀಪರ್ ಕಡೆ ತಿರುಗಿದರು. "ನೀವು ಏನಂತೀರಿ?"

"ಕುಟುಂಬದವರನ್ನ ಕೇಳದೆ ನಾನೊಬ್ಬನೇ ಹೇಗೆ ಹೇಳಲಿ ಸರ್?"

ಅವಳು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಕುತಂತ್ರವಿರಲಿಲ್ಲ, ದ್ವೇಷವಿರಲಿಲ್ಲ. ತಾನು ನ್ಯಾಯವಂತನಾಗಿ ನಡೆದುಕೊಂಡೆ ಎಂಬ ತೃಪ್ತಿಯಷ್ಟೇ ಇತ್ತು.

ಇನ್ಸ್‌ಪೆಕ್ಟರ್ ಜಾಡಿಯನ್ನು ಹಾಲ್‌ಗೆ ತರಿಸಿ ಹಗ್ಗ ಸುತ್ತಿ, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಮುದ್ರೆ ಒತ್ತಿದರು. ಒಂದು ಹನಿ ಅರಗು ಅವಳು ಹೊಲಿದ ಬಟ್ಟೆಯ ಮೇಲೆ ಬಿತ್ತು. ಹೊಸ ರಿಪೋರ್ಟ್ ಬರುವವರೆಗೆ ಜಾಡಿಯನ್ನು ಯಾರೂ ಮುಟ್ಟುವಂತಿಲ್ಲ; ಮುದ್ರೆ ಒಡೆಯದೆ ಹೊಸ ಸ್ಯಾಂಪಲ್ ತೆಗೆಯುವಂತಿಲ್ಲ; ಮುದ್ರೆ ಒಡೆಯಬೇಕಾದರೆ ಮಾಲೀಕರು ಅರ್ಜಿ ಕೊಡಬೇಕು. ಇದನ್ನು ಮೂರು ಸಲ ಕೇಳಿಸಿಕೊಂಡ ಮೇಲೆ ಅವಳಿಗೆ ಅರ್ಥವಾಯಿತು, ಅರ್ಥವಾಗುವಂಥದ್ದು ಅದರಲ್ಲಿ ಏನೂ ಇಲ್ಲ ಎಂದು.

ಇನ್ಸ್‌ಪೆಕ್ಟರ್ ಹೋದ ಹಿಂದೆಯೇ ಸಾಸ್ ಕಾರ್ಖಾನೆಯ ಖರೀದಿ ಮ್ಯಾನೇಜರ್ ಅವಳ ಫೋನಿಗೆ ಕರೆ ಮಾಡಿದ.

"ಅಮ್ಮಾ, ರಿಪೋರ್ಟ್ ನೋಡಿದೆ. ನಾನು ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಇಂಥದ್ದು ನೋಡಿಲ್ಲ."

"ಇನ್ನೊಂದು ಅವಕಾಶ ಕೊಡಿ. ಸ್ವಚ್ಛವಾದ ರಿಪೋರ್ಟ್ ತರಿಸ್ತೀನಿ."

"ತೊಟ್ಟಿಗಳು ಖಾಲಿ ಬಿದ್ದಿವೆ. ತಿಂಗಳ ಕೊನೆವರೆಗೆ ಕಾಯ್ತೀನಿ, ಆಮೇಲೆ ಬೇರೆ ಕಡೆ ನೋಡ್ತೀನಿ. ಮತ್ತೆ ಒಂದು ಮಾತು. ನೀವೇ ಮಾಲೀಕರು ಅಂದಿದ್ರಿ. ರಿಪೋರ್ಟ್‌ನಲ್ಲಿ ಬೇರೆ ಹೆಸರಿದೆ. ನಾನು ಯಾರ ಜೊತೆ ವ್ಯವಹಾರ ಮಾಡಬೇಕು?"

ಅವಳು ಉತ್ತರ ಕೊಡುವ ಮೊದಲು ಹಾಲ್‌ನಿಂದ ಟೈಂಕೀಪರ್ ಕೂಗಿದರು: "ಯಾರೇ ಫೋನು? ಜಾಡಿ ವಿಷಯ ಆದ್ರೆ ನನಗೆ ಕೊಡು!"

ಆ ಭಾನುವಾರ ಮತ್ತೆ ಕುಟುಂಬ ಸೇರಿತು. ಮುದ್ರೆ ಒಡೆಯುವ ಅರ್ಜಿಯಲ್ಲಿ ಯಾರ ಹೆಸರು ಮೊದಲು ಎಂಬ ಚರ್ಚೆ ಬೆಳಿಗ್ಗೆ ಶುರುವಾಗಿ ಊಟ ದಾಟಿತು. ಭಾವ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಹತ್ತಿ ಕಚ್ಚಿಕೊಂಡೇ ಸಮಪಾಲಿನ ಮಾತಾಡುತ್ತಿದ್ದರು. ಸೋದರತ್ತೆ ಒಂದು ಬಟ್ಟೆಗಂಟು ಬಿಚ್ಚಿ, ಹಲ್ಲು ಮುರಿದ ಹಳೆಯ ಬಾಚಣಿಗೆಯೊಂದನ್ನು ಟೀಪಾಯಿಯ ಮೇಲಿಟ್ಟರು.

"ನಮ್ಮಪ್ಪಂದು. ನೋಡ್ರೋ, ಎರಡು ಕೂದಲು ಇನ್ನೂ ಇವೆ."

ಟೈಂಕೀಪರ್ ಕಣ್ಣಲ್ಲಿ ನೀರಾಡಿತು.

"ನಮ್ಮದು ಹಾಕಿದ್ದೇ ತಪ್ಪಾಯ್ತು," ಎಂದರು. "ಈ ಸಲ ತಾತನದೇ ಹಾಕೋಣ. ಇನ್ನು ಯಾರು ಏನು ಹೇಳ್ತಾರೋ ನೋಡೇಬಿಡೋಣ. ಇವಳೇ, ಇಲ್ಲಿ ಬಾ, ಈ ಕೂದಲು ಲ್ಯಾಬಿನವರದು ಉಳಿದಿರೋ ಟ್ಯೂಬಿಗೆ ಹೇಗೆ ಹಾಕಬೇಕು ಹೇಳು. ನಿನಗೆ ಇಂಥದ್ದೆಲ್ಲ ಚೆನ್ನಾಗಿ ಬರುತ್ತೆ."

ಅವಳು ಬಾಗಿಲಲ್ಲಿ ನಿಂತು ಮೂವರನ್ನೂ ನೋಡಿದಳು. ಬಾಯಿ ತುಂಬ ಮಾತಿತ್ತು. ಈ ಮಾತುಗಳನ್ನು ಹೇಳಿದರೆ ಅವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ, ಆಮೇಲೆ ಒಬ್ಬರಿಗೆ ಏನೋ ಹೊಳೆಯುತ್ತದೆ, ಅದು ಮೊಳೆಯ ತುಕ್ಕಿನ ಹಾಗೆ ಮತ್ತೆ ತಾತನ ಕಡೆಗೇ ಹೋಗಿ ನಿಲ್ಲುತ್ತದೆ. ಅವಳ ಸಿಟ್ಟು ಅಲ್ಲಿಯೇ, ಹೊಸಿಲ ಮೇಲೆಯೇ, ಕುದಿಯುವುದನ್ನು ನಿಲ್ಲಿಸಿ ಗಟ್ಟಿಯಾಯಿತು.

"ಚಿಮಟದಲ್ಲಿ ಹಿಡಿದು ಹಾಕಿ," ಎಂದಳು. "ಎರಡನ್ನೂ ಹಾಕಿ."

"ನೋಡಿದ್ರಾ, ಈಗ ದಾರಿಗೆ ಬಂದಳು," ಎಂದರು ಸೋದರತ್ತೆ.

ಅವಳು ಹಿತ್ತಲಿಗೆ ಬಂದಳು. ವಾಪಸು ಬಂದ ಬಾಟಲಿಗಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಾಲಾಗಿ ನಿಂತಿದ್ದವು. ಸಿಟ್ಟಿನಲ್ಲಿ ಅವುಗಳ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ. ಚೆಲ್ಲಿ ತೊಳೆದಿಡೋಣ ಎಂದು ಮೊದಲನೆಯದನ್ನು ಎತ್ತಿದಾಗ ಒಳಗೆ ಏನೋ ಅಲುಗಿತು. ಬೆಳಕಿಗೆ ಹಿಡಿದಳು. ವಿನೆಗರಿನ ಮೇಲೆ, ಬಾಟಲಿಯ ಕತ್ತಿನಷ್ಟೇ ಅಗಲಕ್ಕೆ, ಎಳೆಯ ಪೊರೆ ಕಟ್ಟಿತ್ತು. ಕಾಗದದಷ್ಟು ತೆಳು. ಎರಡನೆಯದರಲ್ಲೂ ಇತ್ತು. ಮುಚ್ಚಳ ಬಿಗಿಯಾಗಿದ್ದವುಗಳಲ್ಲಿ ಇಲ್ಲ. ಬಟ್ಟೆ ಕಟ್ಟಿ ಗಾಳಿಯಾಡುವಂತೆ ಇಟ್ಟಿದ್ದವುಗಳಲ್ಲೆಲ್ಲ ಇತ್ತು. ಎದುರುಮನೆಯಾಕೆ ಬೈದು ಕೊಟ್ಟು ಹೋದ ಬಾಟಲಿಯದ್ದು ಎಲ್ಲಕ್ಕಿಂತ ನುಣುಪಾಗಿತ್ತು.

ಯಾವ ಹಗ್ಗವೂ ಇಲ್ಲ, ಅರಗೂ ಇಲ್ಲ, ಯಾರ ತಾತನೂ ಇಲ್ಲ.

ಅವಳು ಆ ಬಾಟಲಿಯ ಬಾಯಿಗೆ ಒಗೆದ ಬಟ್ಟೆಯೊಂದನ್ನು ಕಟ್ಟಿ, ತರಕಾರಿ ಚೀಲದೊಳಗೆ ನೇರವಾಗಿ ನಿಲ್ಲಿಸಿ, ಉರುಳದ ಹಾಗೆ ಸುತ್ತ ಹಳೆಯ ಟವೆಲ್ ತುರುಕಿದಳು. ಲ್ಯಾಬು ಎರಡು ಬಸ್ಸಿನ ದಾರಿ. ನಾಳೆ ಬಾಗಿಲು ತೆಗೆಯುವ ಹೊತ್ತಿಗೆ ತಾನೇ ಹೋಗಿ ಅಲ್ಲಿಯ ಮೇಡಂ ಕೈಗೆ ಕೊಡಬೇಕು. ಅಲ್ಲಿಯವರೆಗೂ ಬಾಟಲಿ ಈ ಮನೆಯಲ್ಲಿರುವುದು ಬೇಡ. ಹೊಲಿಗೆ ಅಂಗಡಿಯಾಕೆ ಇಂದು ಸಂಜೆವರೆಗೂ ಇರುತ್ತಾಳೆ. ಹಿಂದಿನ ಕೋಣೆಯ ಬೀಗದಕೈ ಕೇಳಬೇಕು. ಹಾಲ್‌ನಲ್ಲಿರುವ ಜಾಡಿ ಅವರದು, ಅವರಿಗೇ ಇರಲಿ. ಆ ಮನೆಯಲ್ಲಿ ಇನ್ನು ಮೇಲೆ ತಾನು ಒಂದು ಸೇಬನ್ನೂ ಹೆಚ್ಚುವುದಿಲ್ಲ.

ಚೀಲ ಹಿಡಿದು ಹಾಲ್ ದಾಟುವಾಗ ಮೂವರೂ ಟ್ಯೂಬಿನ ಮೇಲೆ ತಲೆಗೆ ತಲೆ ತಾಗಿಸಿ ಬಾಗಿದ್ದರು. ಒಂದು ಕೂದಲು ಕೆಳಗೆ ಬಿದ್ದು ಕಾಣೆಯಾಗಿತ್ತು. ಭಾವ ಮಂಡಿಯೂರಿ ನೆಲ ತಡಕುತ್ತಿದ್ದರು.

"ಅಲ್ಲಾಡಬೇಡ ಇವಳೇ, ತಾತ ಕಾಲಡಿಗೆ ಸಿಕ್ಕಿಬಿಟ್ಟಾರು!" ಎಂದರು ಟೈಂಕೀಪರ್. ಆಮೇಲೆ ತಲೆ ಎತ್ತದೆಯೇ, "ಎಲ್ಲಿಗೆ ಹೊರಟೆ?" ಎಂದು ಕೇಳಿದರು.

"ಇಲ್ಲೇ," ಎಂದಳು.

"ಬರೋವಾಗ ಹಾಲು ತಾ."

ಅವಳು ಚೀಲವನ್ನು ಮೈಗೆ ಒತ್ತಿಕೊಂಡು, ಉಸಿರು ಬಿಗಿಹಿಡಿಯದೆ, ಮೆಟ್ಟಿಲಿಳಿದಳು.